ತರ್ವಾತ ಸರ್ ಮತ್ತು ಆ ನಾಲ್ಕು ಸಾಲು

ಅವರು ತೀರಿಕೊಂಡ ಸುದ್ದಿ ಆಫೀಸಿನ ಹಳೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿದ್ದೆ. ರೈಲು ಬರುವಷ್ಟರಲ್ಲಿ ಗುಂಪಿನ ತುಂಬ ಮುಗಿದ ಕೈಗಳು. ಒಬ್ಬರು ಅವರನ್ನು ಅಜಾತಶತ್ರು ಎಂದರು. ಇನ್ನೊಬ್ಬರು ತಾಳ್ಮೆಯ ಮೂರ್ತಿ ಎಂದರು. ಈ ಇನ್ನೊಬ್ಬರು ಅವರ ಮೇಲೆ ಎರಡು ಸಲ ಎಚ್‌ಆರ್‌ಗೆ ದೂರು ಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡನೆಯ ದೂರಿನ ಇಂಗ್ಲಿಷ್ ತಿದ್ದಿಕೊಟ್ಟವಳು ನಾನೇ.

ತಾಳ್ಮೆ ಅವರಿಗೆ ಇರಲಿಲ್ಲ. ಶತ್ರುಗಳು ಇದ್ದರು, ಒಂದು ಇಡೀ ಮಹಡಿಯ ತುಂಬ. ಸತ್ತ ಮೇಲಾದರೂ ಅವರ ಬಗ್ಗೆ ಯಾರಾದರೂ ಖರೇ ಮಾತಾಡಬೇಕು ಅನ್ನಿಸಿತು.

ನಮ್ಮ ಕಂಪನಿ ನೆಟ್‌ವರ್ಕ್ ಕಾರ್ಡುಗಳನ್ನು ಮಾಡುತ್ತದೆ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ನಿಂತು ಕೆಲಸ ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ನಮ್ಮ ತಂಡದ ಕೆಲಸ. ನಾನು ಯಾದಗಿರಿಯವಳು. ಅಮೀರ್‌ಪೇಟೆಯ ಹಾಸ್ಟೆಲೊಂದರಲ್ಲಿ ಆರು ತಿಂಗಳಿದ್ದು, ಕೆಳಗಿನ ಮಹಡಿಯ ಕೋಚಿಂಗ್ ಸೆಂಟರಿನಲ್ಲಿ ಸಂದರ್ಶನದ ಪ್ರಶ್ನೋತ್ತರಗಳನ್ನು ಉರು ಹೊಡೆದು ಇಲ್ಲಿಗೆ ಬಂದಿದ್ದೆ. ನನ್ನ ಸಂದರ್ಶನ ಮಾಡಿದವರು ಅವರು. ಉದ್ದ ತೋಳಿನ ಅಂಗಿ, ತೋಳಿನ ಗುಂಡಿ ಹಾಕಿದ್ದು, ಮೂಗಿನ ತುದಿಗೆ ಜಾರಿದ ಚಾಳೀಸು. ನನ್ನ ಕಾಲೇಜಿನ ಹೆಸರು ನೋಡಿದವರೇ ಇಂಗ್ಲಿಷ್ ಬಿಟ್ಟು ಕಲಬುರಗಿ ಕಡೆಯ ಮಾತಿಗೆ ಇಳಿದರು.

"ಕಾರ್ಡ್ ಚಾಲೂ ಮಾಡೋ ಫಂಕ್ಷನ್ ಬರೀರಿ ನೋಡೂಣ."

ನಾನು ಬೋರ್ಡಿನ ಮೇಲೆ ಚೆಂದಾಗಿ ಬರೆದೆ. ಮೊದಲು ಒಂದಿಷ್ಟು ಮೆಮೊರಿ ಕೇಳಿ ಪಡೆಯುವುದು, ಆಮೇಲೆ ಬರುವ ಡೇಟಾಕ್ಕೆ ಜಾಗ, ಆಮೇಲೆ ಹೋಗುವ ಡೇಟಾಕ್ಕೆ ಜಾಗ, ಕೊನೆಗೆ ಕಾರ್ಡನ್ನು ಎಬ್ಬಿಸುವುದು.

"ಮೂರನೇದ್ದು ಸಿಗಲಿಲ್ಲ ಅಂತ ತಿಳಕೋರಿ. ಆಮ್ಯಾಲೆ?"

"ಎರರ್ ಅಂತ ಹೇಳಿ ವಾಪಸ್ ಬರ್ತೈತ್ರಿ ಸರ್."

"ಅದು ವಾಪಸ್ ಬಂತು. ಮೊದಲ ತಗೊಂಡಿದ್ದು ಎರಡು ಎಲ್ಲಿ ಹೋದ್ವು?"

ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ನನ್ನ ಪ್ರಾಮಾಣಿಕತೆಗೆ ಮೆಚ್ಚಿ ಕೆಲಸ ಕೊಟ್ಟರು ಎಂದು ಎರಡು ವರ್ಷ ನಂಬಿಕೊಂಡಿದ್ದೆ. ಆಮೇಲೆ ಒಂದು ದಿನ ಅವರೇ ಹೇಳಿದರು, "ನಾ ಬ್ಯಾಡ ಅಂತ ಬರದಿದ್ದೆ ತಂಗಿ. ಮ್ಯಾನೇಜರ್‌ಗೆ ಆ ತಿಂಗಳದಾಗ ಒಂದು ತಲಿ ಬೇಕಾಗಿತ್ತು, ನೀ ಸಿಕ್ಕಿ." ಹೇಳಿ ತಮ್ಮ ರೊಟ್ಟಿಯ ಡಬ್ಬಿ ಮುಚ್ಚಿದರು. ಆ ಡಬ್ಬಿಯ ಶೇಂಗಾ ಚಟ್ನಿಯ ವಾಸನೆ ಇಡೀ ಸಾಲಿಗೆ ಬರುತ್ತಿತ್ತು. ಚಟ್ನಿ ಯಾರಿಗೂ ಬಂದಿದ್ದಿಲ್ಲ.

ತೆಲುಗು ಸಹೋದ್ಯೋಗಿಗಳು ಅವರಿಗೆ ಇಟ್ಟ ಹೆಸರು ತರ್ವಾತ ಸರ್. ತೆಲುಗಿನಲ್ಲಿ ತರ್ವಾತ ಎಂದರೆ ಆಮೇಲೆ. ಯಾರ ಕೋಡ್ ಅವರ ಮುಂದೆ ಹೋದರೂ ಅವರು ಕೇಳುತ್ತಿದ್ದದ್ದು ಅದೊಂದೇ ಪ್ರಶ್ನೆ. ಬೇರೆಯವರು ಪರದೆಯ ಮೇಲೆ ಓದುವುದನ್ನು ಅವರು ಪ್ರಿಂಟು ತೆಗೆದು, ಕೆಂಪು ಪೆನ್ನು ಹಿಡಿದು, ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಮೇಲಿನ ಅರ್ಧ, ಅಂದರೆ ಎಲ್ಲ ಸರಿಯಾಗಿ ನಡೆದಾಗ ಏನಾಗುತ್ತದೆ ಎಂಬ ಭಾಗ, ಅವರಿಗೆ ಬೇಕಾಗಿಯೇ ಇರಲಿಲ್ಲ. "ಎಲ್ಲಾ ಬರೋಬರ್ ಇದ್ದಾಗ ಮಂಗ್ಯಾನ ಕೋಡೂ ನಡೀತೈತಿ" ಎನ್ನುತ್ತಿದ್ದರು. ಹೀಗೆನ್ನುವಾಗ ಆ ಕೋಡ್ ಬರೆದವನು ಎದುರಿಗೇ ನಿಂತಿರುತ್ತಿದ್ದ. ವಿಜಯವಾಡದ ಕಡೆಯ ಹುಡುಗಿಯೊಬ್ಬಳು ಮೂರನೆಯ ಸಲ ವಾಪಸ್ ಬಂದ ಕಾಗದ ಹಿಡಿದುಕೊಂಡು ಬಾತ್‌ರೂಮಿನಲ್ಲಿ ಅತ್ತಳು. ಅವರಿಗೆ ಯಾರೋ ಹೋಗಿ ಹೇಳಿದರು. ಅವರು ಯೋಚಿಸಿ ಕೇಳಿದರು: "ನಾಲ್ಕನೇ ಸಲ ಯಾವಾಗ ತರ್ತಾಳ?"

ಅವರ ಈ ಖಯಾಲಿ ಕೋಡಿಗಷ್ಟೇ ಇದ್ದಿದ್ದರೆ ನಡೆಯುತ್ತಿತ್ತು. ನಮ್ಮ ಮಹಡಿಯಲ್ಲಿ ಬೆಂಕಿ ಬಿದ್ದರೆ ಓಡಿಹೋಗುವ ಬಾಗಿಲಿನ ಹಿಂದೆ ಯಾರೋ ಹಳೆಯ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ಆ ಬಾಗಿಲನ್ನು ತೆರೆದು ನೋಡಿದ ಮನುಷ್ಯ ಇಡೀ ಕಟ್ಟಡದಲ್ಲಿ ಇವರೊಬ್ಬರೇ. ಹದಿಮೂರು ಇ-ಮೇಲ್ ಬರೆದರು. ಹದಿನಾಲ್ಕನೆಯದರ ಬದಲು ಒಂದು ಮಧ್ಯಾಹ್ನ ತಾವೇ ಒಂದೊಂದೇ ಕುರ್ಚಿ ಹೊತ್ತು ತಂದು ಮ್ಯಾನೇಜರರ ಕ್ಯಾಬಿನ್ನಿನ ಮುಂದೆ ಸಾಲಾಗಿ ಇಟ್ಟರು. ಒಳಗಿದ್ದ ಮ್ಯಾನೇಜರ್ ಹೊರಗೆ ಬರಲಾಗದೆ ಗಾಜಿನ ಹಿಂದಿನಿಂದ ನೋಡುತ್ತ ನಿಂತರು. ಸರ್ ಹೊರಗಿನಿಂದ, "ಈಗ ಬೆಂಕಿ ಹತ್ತೈತಿ ಅಂತ ತಿಳಕೋರಿ" ಎಂದರು, ಕನ್ನಡದಲ್ಲೇ. ಮ್ಯಾನೇಜರರಿಗೆ ಕನ್ನಡ ಬರುತ್ತಿರಲಿಲ್ಲ. ಅರ್ಥ ಮಾತ್ರ ಆಗಿರಬೇಕು. ಸಂಜೆಯೊಳಗೆ ಕುರ್ಚಿಗಳು ಗುಜರಿಗೆ ಹೋದವು.

ಅವರಲ್ಲಿ ಇನ್ನೊಂದು ಗುಣವಿತ್ತು, ಅದನ್ನು ಮುಗಿದ ಕೈಗಳ ಗುಂಪಿನಲ್ಲಿ ಯಾರೂ ಹೇಳಲಿಲ್ಲ: ಸೊಕ್ಕು. "ನಾ ಬರದಿದ್ದು ಸೋರಂಗಿಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪಡೆದ ಮೆಮೊರಿಯನ್ನು ಕೆಲಸ ಕೆಟ್ಟಾಗಲೂ ಮರೆಯದೆ ಹಿಂತಿರುಗಿಸಬೇಕು. ಮರೆತರೆ ಅದು ಯಾರಿಗೂ ಸಿಗದೆ ಹಾಗೇ ಉಳಿದುಬಿಡುತ್ತದೆ. ಹೀಗೆ ಸೋರಿ ಸೋರಿ ಒಂದು ದಿನ ಯಂತ್ರಕ್ಕೆ ಉಸಿರಾಡಲು ಜಾಗವಿಲ್ಲದಂತಾಗುತ್ತದೆ. ಇದು ಅವರು ನಮಗೆ ಪದೇ ಪದೇ ಹೇಳಿದ ಪಾಠ. ಆ ಪಾಠದಿಂದ ತಮ್ಮೊಬ್ಬರನ್ನು ಹೊರಗಿಟ್ಟುಕೊಂಡಿದ್ದರು.

ಹೀಗಿರುವಾಗ ಆಸ್ಪತ್ರೆಯ ಫೋನು ಬಂತು. ಕಲಬುರಗಿ ಕಡೆಯ ಒಂದು ಖಾಸಗಿ ಆಸ್ಪತ್ರೆ. ಅಲ್ಲಿ ರಕ್ತಪರೀಕ್ಷೆಯ ವರದಿಗಳನ್ನು ಲ್ಯಾಬಿನಿಂದ ವಾರ್ಡುಗಳಿಗೆ ಸಾಗಿಸುವ ಒಂದು ಡಬ್ಬಿ ಇತ್ತು, ಅದರೊಳಗೆ ನಮ್ಮ ಕಾರ್ಡು. ಒಂಬತ್ತು ಹತ್ತು ದಿನಕ್ಕೊಮ್ಮೆ ಡಬ್ಬಿ ನಿಂತುಬಿಡುತ್ತಿತ್ತು. ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಸರಿ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವನ ಕನ್ನಡ ಮ್ಯಾನೇಜರರಿಗೆ ತಿಳಿಯದೆ, ಫೋನನ್ನು ಸ್ಪೀಕರಿಗೆ ಹಾಕಿ ನನ್ನನ್ನೂ ಸರ್ ಅವರನ್ನೂ ಕರೆದರು.

"ನಿನ್ನಿ ಹೆರಿಗಿ ಕೇಸ್ ಇತ್ರಿ ಸರ್," ಎಂದ ಆತ. "ಭಾಳ ರಕ್ತ ಹೋಗಾಕತ್ತಿತ್ತು. ಯಾವ ಗುಂಪಿನ ರಕ್ತ ಅಂತ ರಿಪೋರ್ಟ್ ಲ್ಯಾಬಿನ್ಯಾಗ ರೆಡಿ ಐತಿ, ಮ್ಯಾಲ ಕಾಣಂಗಿಲ್ಲ. ನಾ ಒಂದು ಚೀಟಿ ಮ್ಯಾಲ ಬರಕೊಂಡು ಮೂರು ಮಜಲಿ ಓಡಿದ್ನಿರಿ. ಲಿಫ್ಟೂ ಬಂದ್ ಇತ್ತು."

"ಆಮ್ಯಾಲೆ?" ಎಂದರು ಸರ್. ಆ ಶಬ್ದವನ್ನು ಅವರು ಅಷ್ಟು ಮೆತ್ತಗೆ ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಬ್ಬರೂ ಆರಾಮ ಅದಾರ್ರಿ. ತಾಯಿ, ಕೂಸು. ನನಗ ಇನ್ನಾ ದಮ್ ಹೋಗಿಲ್ಲ."

ಮ್ಯಾನೇಜರರು ಮರುದಿನವೇ ಪರಿಹಾರ ಕಂಡುಹಿಡಿದರು. ಪ್ರತಿ ಭಾನುವಾರ ಬೆಳಗಿನ ಐದಕ್ಕೆ ಡಬ್ಬಿ ತಾನಾಗಿಯೇ ನಿಂತು ಚಾಲೂ ಆಗಬೇಕು. ಒಂಬತ್ತು ದಿನಕ್ಕೆ ಸಾಯುವುದನ್ನು ಏಳನೆಯ ದಿನಕ್ಕೆ ನಾವೇ ನಿಲ್ಲಿಸಿದರೆ ಸಮಸ್ಯೆ ಎಲ್ಲಿ ಉಳಿಯಿತು? ಇದಕ್ಕೆ ಸ್ವಯಂ ಆರೋಗ್ಯ ರಕ್ಷಣೆ ಎಂಬ ಅರ್ಥದ ಒಂದು ಇಂಗ್ಲಿಷ್ ಹೆಸರು ಕೊಟ್ಟು, ಹೃದಯದ ಚಿತ್ರ ಹಾಕಿ, ಹೊಸ ಸೌಲಭ್ಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

"ವಾರಕ್ಕೊಮ್ಮೆ ಕೊಂದು ಎಬ್ಬಸೋದಕ್ಕ ಆರೋಗ್ಯ ಅಂತಾರೇನ್ರಿ?" ಎಂದು ಸರ್ ಕೇಳಿದ್ದನ್ನು ಅನುವಾದಿಸು ಎಂದು ಮ್ಯಾನೇಜರ್ ನನ್ನತ್ತ ನೋಡಿದರು. ಸರ್‌ಗೆ ಕೆಲವು ಸಂಶಯಗಳಿವೆ ಎಂದು ಅನುವಾದಿಸಿದೆ.

ಅಂದಿನಿಂದ ಅವರು ಒಂದು ಮೂಲೆಯ ಮೇಜು ಹಿಡಿದು ಕೂತರು. ಆಸ್ಪತ್ರೆಯಲ್ಲಿದ್ದಂಥದೇ ಡಬ್ಬಿ, ಒಂದು ಕೇಬಲ್, ಒಂದು ಉದ್ದ ನೋಟ್‌ಬುಕ್. ಕೇಬಲ್ ಕೀಳುವುದು, ಹಾಕುವುದು, ಡಬ್ಬಿಯಲ್ಲಿ ಎಷ್ಟು ಮೆಮೊರಿ ಉಳಿದಿದೆ ಎಂದು ಬರೆಯುವುದು. ಮತ್ತೆ ಕೀಳುವುದು. ಮೂರು ದಿನ ಇದನ್ನೇ ಮಾಡಿದರು. ಚಹಾಕ್ಕೆ ಹೋಗುವವರೆಲ್ಲ ಆ ಮೇಜಿನ ಪಕ್ಕ ನಿಧಾನವಾಗಿ ಹಾದುಹೋಗುತ್ತಿದ್ದರು. ಸರ್ ಹಾಲು ಕರೆಯುತ್ತಿದ್ದಾರೆ ಎಂದು ಒಬ್ಬ ಹೇಳಿದ. ನಗೆ ನನಗೂ ಬಂತು. ಕರೆಯುವ ಲಯದಲ್ಲೇ ಇತ್ತು ಅವರ ಕೈ.

ನಾಲ್ಕನೆಯ ದಿನ ನನ್ನನ್ನು ಕರೆದರು. "ಕೂಡು ತಂಗಿ. ಕೇಬಲ್ ಅಲ್ಲಾಡಿದಾಗ ಕಾರ್ಡ್ ಮತ್ತ ಮೊದಲಿಂದ ಏಳತೈತಿ. ಇಪ್ಪತ್ತು ಸಲಕ್ಕೊಮ್ಮೆ ಏಳೋದು ಫೇಲ್ ಆಗತೈತಿ. ಫೇಲ್ ಆದಾಗ ಅಷ್ಟಽ ಸೋರತೈತಿ." ಆಸ್ಪತ್ರೆಯಲ್ಲಿ ಕೇಬಲ್ ಸಡಿಲವಿರಬೇಕು, ದಿನಕ್ಕೆ ನೂರಾರು ಸಲ ಅಲ್ಲಾಡುತ್ತಿರಬೇಕು. ಈಗ ಅವರು ಪ್ರತಿ ಹಂತವನ್ನೂ ಬೇಕೆಂದೇ ಕೆಡಿಸಿ ನೋಡಿದರು. ಮೊದಲನೆಯ ಹಂತ ಕೆಡಿಸಿದರೆ ಮೆಮೊರಿ ಪೂರ್ತಿ ವಾಪಸ್. ಎರಡನೆಯದು, ಮೂರನೆಯದು ಕೆಡಿಸಿದರೂ ವಾಪಸ್. ನಾಲ್ಕನೆಯದು ಕೆಡಿಸಿದಾಗ ಬರಲಿಲ್ಲ. ನಾಲ್ಕನೆಯ ಹಂತ ಕೆಟ್ಟಾಗ ಹಿಂದಿನ ಮೂರನ್ನೂ ಹಿಂತಿರುಗಿಸಬೇಕಾದ ಕೋಡ್, ಎರಡನ್ನು ಹಾರಿ, ಮೊದಲನೆಯದನ್ನಷ್ಟೇ ಹಿಂತಿರುಗಿಸಿ ಕೈತೊಳೆದುಕೊಳ್ಳುತ್ತಿತ್ತು.

ಆ ಸಾಲು ಬರೆದವರು ಯಾರು ಎಂದು ಯಂತ್ರವನ್ನು ಕೇಳಿದರೆ ಅದು ತೋರಿಸಿದ್ದು ನನ್ನ ಹೆಸರು.

ಆ ವರ್ಷ ಬಡ್ತಿಯ ಪಟ್ಟಿಯೂ ತಯಾರಾಗುತ್ತಿತ್ತು, ತೆಗೆದುಹಾಕುವವರ ಪಟ್ಟಿಯೂ ತಯಾರಾಗುತ್ತಿತ್ತು. ಎರಡೂ ಒಂದೇ ಕ್ಯಾಬಿನ್ನಿನಲ್ಲಿ. ಸಂಜೆಯ ಹೊತ್ತಿಗೆ ಮಹಡಿಗೆಲ್ಲ ಗೊತ್ತಾಯಿತು. ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, ಬೇಜಾರು ಮಾಡಿಕೊಳ್ಳಬೇಡ, ಎಲ್ಲರೂ ತಪ್ಪಿನಿಂದಲೇ ಕಲಿಯುವುದು ಎಂದು ತೆಲುಗಿನಲ್ಲಿ ಬಹಳ ಪ್ರೀತಿಯಿಂದ ಹೇಳಿದರು. ಅವರು ಪ್ರೀತಿಯಿಂದ ಮಾತಾಡಿದಾಗಲೇ ನಾವು ಹೆದರುತ್ತಿದ್ದದ್ದು.

ಮರುದಿನ ಬೆಳಿಗ್ಗೆ ಸರ್ ಕಾಗದದ ಒಂದು ಕಟ್ಟು ಹಿಡಿದು ಬಂದರು. ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಹಿಂದಕ್ಕೆ ಹೋಗಿ ಪ್ರಿಂಟು ತೆಗೆದಿದ್ದರು. ನಾನು ಮಾಡಿದ್ದು ಇಷ್ಟು: ಸಾಲುಗಳ ಮುಂದಿನ ಖಾಲಿ ಜಾಗ ಸರಿಪಡಿಸಿದ್ದೆ, ಅದಕ್ಕೆ ಯಂತ್ರ ನನ್ನ ಹೆಸರು ಅಂಟಿಸಿತ್ತು. ಅದಕ್ಕಿಂತ ಹಿಂದೆ ಮತ್ತೊಬ್ಬನ ಹೆಸರು, ಅವನು ಕಡತ ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಿದ್ದ. ಎಲ್ಲಕ್ಕಿಂತ ಕೆಳಗಿನ ಕಾಗದದಲ್ಲಿ, ಆ ಸಾಲು ಮೊದಲ ಸಲ ಹುಟ್ಟಿದಲ್ಲಿ, ಅವರದೇ ಹೆಸರು.

ಅವರು ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ಓದಿದರು. ಹೆಸರು ಬದಲಾಗಲಿಲ್ಲ.

"ನಂದಽ," ಎಂದರು.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಆದದ್ದು ಖುಷಿ. ನಾನು ಉಳಿದೆ ಎಂಬ ಖುಷಿ ಅರ್ಧ, ಇವರು ಸಿಕ್ಕಿಬಿದ್ದರು ಎಂಬ ಖುಷಿ ಅರ್ಧ.

"ಯಾರಿಗೂ ಹೇಳೋದು ಬ್ಯಾಡ್ರಿ ಸರ್," ಎಂದೆ, ಅವರು ಹೇಳಿಯೇ ತೀರುತ್ತಾರೆಂದು ಗೊತ್ತಿದ್ದೂ. "ನಾ ಸರಿ ಮಾಡಿ ಹಾಕ್ತೀನಿ."

"ನಿನ್ನ ಹೆಸರ ಮ್ಯಾಲ ಕುಂತೈತಲ್ಲ ಅದು. ಹೆಂಗ ಸುಮ್ಮ ಇರ್ಲಿ?"

ಇಡೀ ವಿಭಾಗಕ್ಕೆ ಒಂದು ಇ-ಮೇಲ್ ಕಳಿಸಿದರು. ತಪ್ಪು ನನ್ನದು, ಈ ಹುಡುಗಿಯದಲ್ಲ, ಪುರಾವೆ ಜೊತೆಗಿದೆ, ಸರಿಪಡಿಸುವ ನಾಲ್ಕು ಸಾಲು ಇಲ್ಲಿವೆ, ಭಾನುವಾರದ ನಾಟಕ ನಿಲ್ಲಿಸಿ. ಇಷ್ಟೇ. ಕ್ಷಮೆ ಕೇಳಿರಲಿಲ್ಲ, ಯಾರಾದರೂ ಇಷ್ಟು ವರ್ಷ ಆ ಕೋಡನ್ನು ಕೆಳಗಿನಿಂದ ಓದಿದ್ದರೆ ಸಿಗುತ್ತಿತ್ತು ಎಂದು ಕೊನೆಯಲ್ಲಿ ನಮ್ಮೆಲ್ಲರನ್ನೂ ಒಂದು ಸಲ ಬೈದಿದ್ದರು. ಸ್ವಂತ ತಪ್ಪನ್ನು ಒಪ್ಪಿಕೊಳ್ಳುವಾಗಲೂ ಬೇರೆಯವರನ್ನು ಬೈಯುವುದು ಅವರೊಬ್ಬರಿಗೇ ಸಾಧ್ಯವಿತ್ತು.

ಆ ಇ-ಮೇಲನ್ನು ಮ್ಯಾನೇಜರ್ ಮೇಲಿನವರಿಗೆ ಕಳಿಸಿದರು. ಮೇಲಿನವರು ಪುರಾವೆ ಓದಲಿಲ್ಲ, ನಾಲ್ಕು ಸಾಲು ಓದಲಿಲ್ಲ. ತಪ್ಪು ನನ್ನದು ಎಂಬ ಎರಡು ಪದ ಓದಿದರು. ತೆಗೆದುಹಾಕುವವರ ಪಟ್ಟಿಯಲ್ಲಿ ಒಂದು ಜಾಗ ಇನ್ನೂ ಖಾಲಿ ಇತ್ತಂತೆ. ಅದಕ್ಕೆ ಮುಂಚೆ ಎಚ್‌ಆರ್ ನಮ್ಮ ತಂಡದ ಎಲ್ಲರಿಂದಲೂ ಒಂದು ಫಾರ್ಮ್ ತುಂಬಿಸಿಕೊಂಡಿತು. ಅವರೊಂದಿಗೆ ಕೆಲಸ ಮಾಡುವ ಅನುಭವ ಹೇಗಿದೆ? ಅವರ ಮಾತು ಕೆಲವೊಮ್ಮೆ ಕಟುವಾಗಿರುತ್ತದೆ ಎಂದು ಬರೆದೆ. ಅದು ಸತ್ಯ. ಅವತ್ತು ಅದಕ್ಕಿಂತ ಅನುಕೂಲದ ಸುಳ್ಳು ನನಗೆ ಸಿಗುತ್ತಿರಲಿಲ್ಲ.

ಬೀಳ್ಕೊಡುಗೆಗೆ ಕೇಕು ತಂದರು. ಮ್ಯಾನೇಜರ್ ಮಾತಾಡಿ, ಸಣ್ಣಪುಟ್ಟ ವಿಷಯಗಳಿಗೂ ಗಮನ ಕೊಡುವ ಹಿರಿಯರು ಎಂದರು. ಸರ್ ಕೇಕು ಮುಟ್ಟಲಿಲ್ಲ. ಹೋಗುವ ಮುಂಚೆ ನನ್ನ ಮೇಜಿಗೆ ಬಂದು, "ನಾಲ್ಕು ಸಾಲು ನೋಡ್ಕೋ" ಎಂದರು, ಮನೆಯ ಗಿಡಕ್ಕೆ ನೀರು ಹಾಕು ಎಂದು ಪಕ್ಕದ ಮನೆಯವರಿಗೆ ಹೇಳಿದ ಹಾಗೆ.

ನಾನು ನೋಡಿಕೊಳ್ಳಲಿಲ್ಲ. ಕೆಲಸ ಬಿಟ್ಟವರ ಖಾತೆ ಮುಚ್ಚಿದಾಗ ಅವರ ಹೆಸರಿನಲ್ಲಿ ಒಪ್ಪಿಗೆಗೆ ಕಾಯುತ್ತಿರುವುದೆಲ್ಲ ತಾನಾಗಿ ರದ್ದಾಗುತ್ತದೆ. ಅವರ ನಾಲ್ಕು ಸಾಲೂ ರದ್ದಾದವು. ನಾನು ಮತ್ತೆ ಹಾಕಬಹುದಿತ್ತು. ಆದರೆ ಭಾನುವಾರದ ಆರೋಗ್ಯ ರಕ್ಷಣೆಗೆ ಮ್ಯಾನೇಜರರಿಗೆ ಪ್ರಶಸ್ತಿ ಬಂದಿತ್ತು, ನನಗೆ ಬಡ್ತಿ ಬಂದಿತ್ತು. ಆ ಮದ್ದೇ ಬೇಕಿರಲಿಲ್ಲ ಎಂದು ಈಗ ಯಾರು ಹೇಳುವುದು?

ಮುಂದಿನ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಅವರು ಸಿಕ್ಕರು. ಹೆಂಡತಿ ಚಾದರದ ಅಂಗಡಿಯವನೊಂದಿಗೆ ದಖನಿ ಉರ್ದುವಿನಲ್ಲಿ ಚೌಕಾಸಿ ನಡೆಸಿದ್ದರು. ಇವರು ಪಕ್ಕದಲ್ಲಿ ನಿಂತು, ಜನರು ಹೊರಗೆ ಹೋಗುವ ಗೇಟು ಎಲ್ಲಿದೆ ಎಂದು ಹುಡುಕುತ್ತಿದ್ದರು. ತೆಳ್ಳಗಾಗಿದ್ದರು. ತೋಳಿನ ಗುಂಡಿ ಹಾಕಿಯೇ ಇತ್ತು. ಹೇಗಿದ್ದಿ, ಮದುವೆ ಆಯಿತೇ, ಒಂದೂ ಕೇಳಲಿಲ್ಲ.

"ನಾಲ್ಕು ಸಾಲು ಒಳಗ ಹೋದ್ವೇನು?"

"ಹೋದ್ವ್ರಿ ಸರ್," ಎಂದೆ.

ಹೆಂಡತಿಯತ್ತ ತಿರುಗಿ, "ನಾ ಹೇಳಿರ್ಲಿಲ್ಲ? ಹೋಗ್ತಾವ ಅಂತ," ಎಂದರು. ಆಕೆ ಚಾದರ ಹಿಡಿದುಕೊಂಡೇ ನನ್ನ ಮುಖ ನೋಡಿದರು. "ಇಡೀ ವರ್ಷ ಇದನ್ನಽ ಬಡಬಡಿಸ್ಯಾರವ್ವ. ಹೋದ್ವಲ್ಲ, ಛಲೋ ಆತು. ಇನ್ನಾರ ನಿದ್ದಿ ಮಾಡ್ತಾರ."

ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಸೋಮವಾರ ಹಳೆಯ ಕಡತ ತೆಗೆದೆ. ಅಷ್ಟರಲ್ಲಿ ಸುತ್ತಲಿನ ಕೋಡ್ ಬದಲಾಗಿ ಅವರ ಸಾಲುಗಳು ಹಾಗೇ ಹೊಂದುತ್ತಿರಲಿಲ್ಲ, ಹೊಸದಾಗಿ ಬರೆದೆ. ಬರೆದವರು ಎಂಬಲ್ಲಿ ಅವರ ಹೆಸರು ಹಾಕಿದರೆ, ಇಂಥ ವ್ಯಕ್ತಿ ಇಲ್ಲ ಎಂದಿತು ಯಂತ್ರ. ನನ್ನ ಹೆಸರು ಹಾಕಿದೆ. ಭಾನುವಾರದ್ದು ಮುಟ್ಟಬೇಡ ಎಂಬ ಷರತ್ತಿನ ಮೇಲೆ ಮ್ಯಾನೇಜರ್ ಒಪ್ಪಿದರು. ಆಮೇಲೆ ಸರ್‌ಗೆ ಫೋನು ಮಾಡಿ, ನುಮಾಯಿಷಿನಲ್ಲಿ ಸುಳ್ಳು ಹೇಳಿದ್ದೆ, ಈಗ ನಿಜವಾಗಿಯೂ ಹಾಕಿದ್ದೇನೆ, ನನ್ನ ಹೆಸರಿನಲ್ಲಿ ಹಾಕಬೇಕಾಯಿತು ಎಂದೆ. ಎಚ್‌ಆರ್ ಫಾರ್ಮಿನ ವಿಷಯವನ್ನೂ ಹೇಳಿದೆ.

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು.

"ಓದು," ಎಂದರು.

"ಏನ್ರಿ ಸರ್?"

"ನಾಲ್ಕು ಸಾಲು. ಓದು."

ಓದಿದೆ. ಎರಡನೆಯ ಸಾಲಿಗೇ ತಡೆದರು. "ಉಲ್ಟಾ ಬರದಿ. ಮೂರನೇದ್ದು ಇನ್ನಾ ಎರಡನೇದ್ದರ ಮ್ಯಾಲ ಕುಂತೈತಿ, ನೀ ತಳಗಿಂದು ಮೊದಲ ಎಳದಿ. ಬೀಳತೈತಿ ಅದು." ಫೋನು ಇಟ್ಟರು. ಕ್ಷಮಿಸಿದರೋ ಇಲ್ಲವೋ ಹೇಳಲಿಲ್ಲ. ಪರೀಕ್ಷಿಸಿ ನೋಡಿದೆ. ಬಿತ್ತು. ಸಾಲುಗಳನ್ನು ಅದಲು ಬದಲು ಮಾಡಿ ಮತ್ತೆ ಹಾಕಿದೆ. ಮುಂದಿನ ಆವೃತ್ತಿಯೊಂದಿಗೆ ಅವು ಆಸ್ಪತ್ರೆಯ ಡಬ್ಬಿಗೂ ಹೋದವು.

ಅದೇ ನಮ್ಮ ಕೊನೆಯ ಮಾತು. ಮಳೆಗಾಲ ಮುಗಿಯುವ ಮುಂಚೆ ಅವರು ಹೋದರು, ಹೃದಯದ ತೊಂದರೆಯಿಂದ. ಗುಂಪಿನಲ್ಲಿ ಮ್ಯಾನೇಜರ್ ಉದ್ದದ ಶ್ರದ್ಧಾಂಜಲಿ ಬರೆದರು. ಸರ್ ಬದುಕಿರುವಷ್ಟು ದಿನವೂ ಆ ಡಬ್ಬಿ ಪ್ರತಿ ಭಾನುವಾರ ಐದಕ್ಕೆ ಸತ್ತು ಏಳುತ್ತಲೇ ಇತ್ತು. ಏಳು ದಿನಕ್ಕೊಮ್ಮೆ ಅದನ್ನು ನಾವೇ ನಿಲ್ಲಿಸುತ್ತಿದ್ದರಿಂದ ಆ ನಾಲ್ಕು ಸಾಲು ಕೆಲಸ ಮಾಡುತ್ತವೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಅವರು ಹೋದ ವಾರದ ಶನಿವಾರ ಆಸ್ಪತ್ರೆಯಾತನಿಗೆ ಫೋನು ಮಾಡಿದೆ. ಭಾನುವಾರದ್ದು ತೆಗೆಯಲು ಆಗುತ್ತದೆಯೇ? ಇದು ಕಂಪನಿ ಹೇಳಿದ್ದಲ್ಲ, ನಾನು ಹೇಳುತ್ತಿರುವುದು, ತೆಗೆಯುವುದು ನಿನ್ನ ಇಷ್ಟ, ತೆಗೆದರೆ ದಿನಾ ಉಳಿದ ಮೆಮೊರಿಯ ಅಂಕಿ ನನಗೆ ಕಳಿಸಬೇಕು, ಇಳಿಯತೊಡಗಿದರೆ ಆ ಕ್ಷಣವೇ ಮತ್ತೆ ಹಾಕಿಬಿಡು, ಎಂದೆಲ್ಲ ಹೇಳಿದೆ.

"ತಗೀತೀನ್ರಿ ಮೇಡಂ," ಎಂದ. "ಐದಕ್ಕ ಡಬ್ಬಿ ಬಂದ್ ಆದ್ರ ಐಸಿಯುದವ್ರು ನನ್ನ ಮನಿಗೇ ಫೋನ್ ಹಚ್ತಾರ್ರಿ. ಒಂದು ಐತವಾರ ನೆಟ್ಟಗ ಮಕ್ಕೊಂಡಿಲ್ಲ."

ಮೊದಲ ವಾರ ಅಂಕಿ ಬಂತು. ಎಂಟನೆಯ ದಿನ ಬಂತು, ಒಂಬತ್ತನೆಯ ದಿನ ನಾನು ಆಫೀಸಿನಲ್ಲಿ ನೀರು ಸಹ ಕುಡಿಯದೆ ಕಾದೆ, ಬಂತು. ಹತ್ತು, ಹನ್ನೊಂದು. ಅಂಕಿ ಇದ್ದಲ್ಲೇ ಇತ್ತು. ಮೂರನೆಯ ವಾರದ ನಡುವೆ ಆತ ಕಳಿಸುವುದನ್ನೇ ನಿಲ್ಲಿಸಿದ. ಎರಡು ಮೆಸೇಜು ಹಾಕಿದೆ, ನೋಡಲಿಲ್ಲ. ಏನೋ ಕೆಟ್ಟಿರಬೇಕು ಎಂದುಕೊಂಡು, ನಿನ್ನೆ ಫೋನು ಮಾಡಿದೆ. ನಲವತ್ತೊಂದನೆಯ ದಿನ.

"ಡಬ್ಬಿ ಹೆಂಗೈತಿ?" ಎಂದೆ.

ಭಾನುವಾರಗಳಲ್ಲಿ ನೆಟ್ಟಗೆ ಮಲಗಿದವನ ದನಿ ಆತನದು. ಹಿಂದೆ ಯಾರೋ ನರ್ಸು ಯಾರನ್ನೋ ಕೂಗುತ್ತಿದ್ದರು.

"ಯಾವ ಡಬ್ಬಿರಿ ಮೇಡಂ?"